ಬಿಲ್ಡ್ ಫೋಲ್ಡರಿನಲ್ಲಿದ್ದ ಅಕ್ಕ

ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬಂದು ಅಕ್ಕನ ಕೋಣೆಯನ್ನೆಲ್ಲ ತುಂಬಿತ್ತು. ಫ್ಯಾನು ತೂಕಡಿಸುತ್ತ ತಿರುಗುತ್ತಿತ್ತು. ನಾನು ಅವಳ ಕಂಪ್ಯೂಟರಿನ ಮುಂದೆ ಕೂತಿದ್ದೆ. ಅವಳು ನನ್ನ ಬೆನ್ನ ಹಿಂದೆ, ಕತ್ತಿಗೆ ಪಟ್ಟಿ ಸುತ್ತಿಕೊಂಡು ಮಂಚಕ್ಕೆ ಒರಗಿದ್ದಳು. ಆಪರೇಷನ್ನಿನಲ್ಲಿ ಅವಳ ಧ್ವನಿಪೆಟ್ಟಿಗೆ ತೆಗೆದಿದ್ದರು.

ಹೀಗಾಗುತ್ತದೆಂದು ಗೊತ್ತಿದ್ದೇ ಅವಳು ಮೊದಲೇ ತನ್ನ ಧ್ವನಿ ರೆಕಾರ್ಡ್ ಮಾಡಿ, ಟೈಪ್ ಮಾಡಿದ್ದನ್ನು ಅದೇ ಧ್ವನಿಯಲ್ಲಿ ಆಡುವ ಪುಟ್ಟ ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯತೊಡಗಿದ್ದಳು. ರೆಕಾರ್ಡಿಂಗ್ ಇದ್ದ ಡಿಸ್ಕ್ ಆಮೇಲೆ ಕೈಕೊಟ್ಟಿತು. ಅವಳ ಧ್ವನಿಯೆಂದು ಲೋಕದಲ್ಲಿ ಉಳಿದದ್ದು, ಅಂಕಿಗಳನ್ನಾಗಿ ಮಾಡಿ ಪ್ರಾಜೆಕ್ಟಿನೊಳಗೆ ಇಟ್ಟಿದ್ದ ಒಂದೇ ಒಂದು ಫೈಲು. ಪ್ರೋಗ್ರಾಂ ಮುಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಅದೇ ಕಸುಬಿನವಳು ತಾನೇ.

ಅಡುಗೆಮನೆಯಲ್ಲಿ ಡಬ್ಬಿ ಚೂರು ಸರಿದರೂ ರಂಪ ಮಾಡುವ ಮಹಾರಾಯ್ತಿ, ಪ್ರಾಜೆಕ್ಟನ್ನು ಮಾತ್ರ ಸಂತೆ ಮಾಡಿಟ್ಟಿದ್ದಳು. ಕೀಲಿಮಣೆಗೊಂದು ಫೋಲ್ಡರ್, ಸ್ಕ್ರೀನಿಗೊಂದು, ಧ್ವನಿಗೊಂದು. ಯಾವುದರಿಂದ ಏನು ಕಟ್ಟಬೇಕೆಂದು ಕಂಪ್ಯೂಟರಿಗೆ ಹೇಳುವ ಮೇಕ್‌ಫೈಲು ಒಂದೊಂದರಲ್ಲೂ ಇತ್ತು, ಆದರೆ ಒಂದಕ್ಕೊಂದು ತಾಳಮೇಳವಿಲ್ಲ. ಎಲ್ಲಕ್ಕೂ ಸಲ್ಲುವ ನಿಯಮಗಳನ್ನು ನಾನು ಮೇಲಿನ ಒಂದೇ ಫೈಲಿಗೆ ಎತ್ತಿದೆ. ಕೆಳಗಿನವು ತಂತಮ್ಮ ಫೈಲುಗಳ ಹೆಸರು ಹೇಳಿದರೆ ಸಾಕು. ಕಟ್ಟಿದ್ದೆಲ್ಲ ಬಿಲ್ಡ್ ಎಂಬ ಫೋಲ್ಡರಿಗೆ ಹೋಗುತ್ತದೆ; ಅಲ್ಲಿರುವುದನ್ನು ಅಳಿಸಿದರೂ ಮತ್ತೆ ಕಟ್ಟಿಕೊಳ್ಳಬಹುದು.

ಹೆಸರು ಸೇರಿಸುತ್ತ ಸೇರಿಸುತ್ತ ಜೊಂಪಿಗೆ ಕಣ್ಣು ಮಂಜಾಯಿತು. ಫೋಲ್ಡರುಗಳು ಕೋಣೆಗಳಾದವು. ಬರಿಗಾಲಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದೆ. ಯಾವುದೋ ಬಾಗಿಲಾಚೆ ಅಕ್ಕ ಹಾಡು ಗುನುಗುತ್ತಿದ್ದಳು. ಬಾಗಿಲು ತೆರೆದರೆ ಹಾಡು ಪಕ್ಕದ ಕೋಣೆಗೆ ಸರಿಯುತ್ತಿತ್ತು. ಧ್ವನಿಯ ಕೋಣೆಯಲ್ಲಿ ಅವಳಿರಲಿಲ್ಲ. ನನಗೆ ಅದು ವಿಚಿತ್ರ ಅನ್ನಿಸಲೂ ಇಲ್ಲ.

ಹಳೆಯದನ್ನೆಲ್ಲ ಗುಡಿಸಿ ಹೊಸದಾಗಿ ಕಟ್ಟಿದರೇನೇ ನನ್ನ ಜೋಡಣೆ ಸರಿಯಿದೆಯೋ ಇಲ್ಲವೋ ತಿಳಿಯುವುದು. ಅರೆನಿದ್ದೆಯಲ್ಲೇ ಕ್ಲೀನ್ ಎಂದು ಟೈಪ್ ಮಾಡಿದೆ. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸುವ ಆದೇಶ ಅದು. ಎಂಟರ್ ಒತ್ತಬೇಕು, ಅಷ್ಟರಲ್ಲಿ ಯಾರೋ ನನ್ನ ಜಡೆ ಹಿಡಿದು ಜಗ್ಗಿದರು.

"ಅಯ್ಯಯ್ಯೋ!" ಎಂದು ಚೀರಿ ತಿರುಗಿದೆ.

ಅಕ್ಕ. ಮುಖ ಬಿಳಿಚಿಕೊಂಡಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಸದ್ದಿಲ್ಲ. ನನ್ನನ್ನು ಪಕ್ಕಕ್ಕೆ ತಳ್ಳಿ ಬಿಲ್ಡ್ ಫೋಲ್ಡರ್ ತೆರೆದು ಒಂದು ಫೈಲಿನ ಮೇಲೆ ಬೆರಳಿಟ್ಟಳು. ಆಮೇಲೆ ಸ್ಕ್ರೀನಿನ ಮೇಲೆ ಟೈಪ್ ಮಾಡಿದಳು: "ನನ್ ಧ್ವನಿ. ರೆಕಾರ್ಡಿಂಗನ್ನ ಅಂಕಿ ಮಾಡೋ ಟೂಲು ಕೊಟ್ಟ ಫೈಲಲ್ವಾ, ಕಟ್ಟಿದ್ದರ ಜೊತೆಗಿರ್ಲಿ ಅಂತ ಇಲ್ಲೇ ಇಟ್ಟಿದ್ದೆ."

ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಭಯ. ತಲೆಯಲ್ಲಿ ಮಿದುಳಿದೆಯಾ ಎಂದು ಹಣೆಗೆ ಬೆರಳು ಬಡಿದು ತೋರಿಸಿದೆ. ಅವಳು ತಲೆ ತಗ್ಗಿಸಿದಳು.

ಫೈಲನ್ನು ಧ್ವನಿಯ ಫೋಲ್ಡರಿಗೆ ಸಾಗಿಸಿ, ಇನ್ನೊಂದು ಡಿಸ್ಕಿಗೂ ಪ್ರತಿ ಮಾಡಿದೆ. ಆಮೇಲೆ ಗುಡಿಸಿದೆ, ಕಟ್ಟಿದೆ. ಕೀಲಿಮಣೆ, ಸ್ಕ್ರೀನು, ಧ್ವನಿ, ಎಲ್ಲ ತಕರಾರಿಲ್ಲದೆ ಸಾಲಾಗಿ ಬಂದವು. ಕಟ್ಟಿದ್ದನ್ನು ಆ ಪುಟ್ಟ ಯಂತ್ರಕ್ಕೆ ತುಂಬಿಸಿ, ಅದನ್ನು ಅವಳ ಮಡಿಲಲ್ಲಿಟ್ಟೆ. ಟೈಪ್ ಮಾಡು ಎಂದು ಕೈಯಾಡಿಸಿದೆ.

ಅವಳು ನನ್ನ ಕೈಯನ್ನೇ ನೋಡುತ್ತ ಕೂತು, ಕೊನೆಗೆ ಟೈಪ್ ಮಾಡಿದಳು. ಯಂತ್ರ ಅವಳದೇ ಧ್ವನಿಯಲ್ಲಿ ಆಡಿತು:

"ಎಲ್ಲರೂ ನನ್ ಮುಂದೆ ಯಾಕೇ ಕೈ ಆಡಿಸ್ತೀರಾ? ಹೋಗಿರೋದು ಧ್ವನಿ ಕಣೇ, ಕಿವಿಯಲ್ಲ. ಮಾತಾಡು."

ಅದೇ ಅಕ್ಕ, ಅದೇ ಗದರಿಕೆ. ಅವಳು ಆಸ್ಪತ್ರೆಯಿಂದ ಬಂದಂದಿನಿಂದ ಮನೆಯಲ್ಲಿ ಯಾರೂ ಅವಳೊಡನೆ ಬಾಯಿಬಿಟ್ಟು ಮಾತಾಡಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ಅಕ್ಕಾ," ಎಂದೆ. ಅವಳ ಪಕ್ಕದಲ್ಲಿ ಕೂತೆ. ಅವಳು ಯಂತ್ರವನ್ನು ಪಕ್ಕಕ್ಕಿಟ್ಟು, ನಾನು ಮಾತಾಡಲಿ ಎಂದು ಕಾಯುತ್ತ ಕೂತಳು.