ಅಕ್ಕನ ಕಂಪ್ಯೂಟರಿನ ಪದಸೂಚಿ

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಮನೆಯವರೂ, ಪಾದರಸ ಎಂದು ಗಿರಾಕಿಗಳೂ ಕರೆಯುತ್ತಿದ್ದ ಆ ಕಂಪ್ಯೂಟರ್ ರಿಪೇರಿಯವನಿಗೆ ಒಂದು ಕಡೆ ಕೂರುವುದೆಂದರೆ ಶಿಕ್ಷೆ. ಕೂತರೆ ಮಂಡಿ ಕುಣಿಯುತ್ತಿತ್ತು, ನಿಂತರೆ ಬೆರಳು ಮೇಜು ಬಡಿಯುತ್ತಿತ್ತು. ಇಂಥವನಿಗೆ ಅಕ್ಕನಾಗಿ ಹುಟ್ಟಿದವಳೋ, ಬಾಯಿಂದ ಒಂದು ಮಾತು ಹೊರಡಿಸುವ ಮುಂಚೆ ಅದನ್ನು ಅಳೆದೂ ಸುರಿದೂ ನೋಡುವವಳು. "ಇವಳು ಒಂದು ವಾಕ್ಯ ಮುಗಿಸೋದ್ರೊಳಗೆ ಒಲೆ ಮೇಲಿನ ಹಾಲು ಉಕ್ಕಿ ನೆಲಕ್ಕೆ ಬಂದಿರುತ್ತೆ" ಎಂದು ಅಮ್ಮ ನಗುತ್ತಿದ್ದಳು. ಹಾಗಾಗಿ ಅಕ್ಕ ಶುರು ಮಾಡಿದ್ದನ್ನು ಬೇರೆಯವರು ಮುಗಿಸುವುದು ಆ ಮನೆಯ ರೂಢಿ. ಅದರಲ್ಲಿ ತಮ್ಮನದು ಎತ್ತಿದ ಕೈ.

ಅಕ್ಕನ ಕೆಲಸ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಪುಸ್ತಕದ ಕೊನೆಯ ಪುಟಗಳಲ್ಲಿ ಯಾವ ವಿಷಯ ಎಲ್ಲೆಲ್ಲಿ ಬಂದಿದೆ ಎಂದು ಅಕಾರಾದಿಯಾಗಿ ಕೊಟ್ಟಿರುತ್ತಾರಲ್ಲ, ಆ ಪದಸೂಚಿ ಮಾಡುವವಳು ಅವಳು. ಹಾಳೆಗಟ್ಟಲೆ ಓದಬೇಕು, ಯೋಚಿಸಬೇಕು, ಆಮೇಲೆ ಒಂದು ಸಾಲು ಟೈಪ್ ಮಾಡಬೇಕು. ಇಷ್ಟು ವರ್ಷ ಸಣ್ಣಪುಟ್ಟ ಪುಸ್ತಕಗಳಲ್ಲೇ ಕಾಲ ಕಳೆದಿದ್ದವಳಿಗೆ ಈಗ ಮೊದಲ ಸಲ ದೊಡ್ಡದು ಸಿಕ್ಕಿತ್ತು: ಎಂಟುನೂರು ಪುಟಗಳ ಸೇತುವೆಗಳ ಇತಿಹಾಸ. ಇದನ್ನು ಹೇಳಿದ ದಿನಕ್ಕೆ ಕೊಟ್ಟರೆ ಮುಂದಿನ ಐದು ಸಂಪುಟಗಳೂ ನಿಮ್ಮವೇ ಎಂದು ಪ್ರಕಾಶನದ ಸಂಪಾದಕರು ಮಾತು ಕೊಟ್ಟಿದ್ದರು. ಶುಕ್ರವಾರ ಕೊನೆಯ ದಿನ.

ಕಂಪ್ಯೂಟರ್ ತಮ್ಮನೇ ಕೊಟ್ಟದ್ದು. ಬಿಡಿ ಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ಜೋಡಿಸಿ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, "ಇನ್ನು ಹತ್ತು ವರ್ಷ ಇದರ ಚಿಂತೆ ಬಿಡು" ಎಂದು ಎದೆ ತಟ್ಟಿಕೊಂಡು ಹೇಳಿದ್ದ. ಮೂರೇ ವಾರಕ್ಕೆ ಅದು ಹ್ಯಾಂಗ್ ಆಗತೊಡಗಿತು. ಪರದೆಯ ಮೇಲೆ ಎಲ್ಲವೂ ಇದ್ದಂತೆಯೇ ಇರುತ್ತದೆ, ಆದರೆ ಮೌಸಿನ ಬಾಣ ಅಲ್ಲಾಡುವುದಿಲ್ಲ, ಮೂಲೆಯ ಗಡಿಯಾರ ಮುಂದೆ ಹೋಗುವುದಿಲ್ಲ, ಯಾವ ಕೀ ಒತ್ತಿದರೂ ಕೇಳುವವರಿಲ್ಲ. ಸ್ವಿಚ್ ಒತ್ತಿ ಹಿಡಿದು ಆರಿಸಿ ಮತ್ತೆ ಶುರು ಮಾಡಬೇಕು. ದಿನಕ್ಕೆ ಒಮ್ಮೆ ಇದ್ದದ್ದು ಐದಾರು ಸಲವಾಯಿತು. ಒಮ್ಮೆಯಂತೂ ಫೈಲೇ ಕೆಟ್ಟು ಎರಡು ದಿನದ ಕೆಲಸ ನೀರುಪಾಲಾಯಿತು.

"ನಿನ್ನ ಅಂಗಡಿಯಿಂದ ಬೇರೆ ಒಂದು ತಂದುಕೊಡಬಾರದೇನೋ?" ಎಂದು ಅಮ್ಮ ಕೇಳಿದಳು. ಕೇಳಿದ್ದೇ ತಪ್ಪಾಯಿತು.

"ನಾನೇ ಕಟ್ಟಿದ್ದಮ್ಮ ಇದು! ನನ್ನ ಕೈಲಿ ಸರಿ ಮಾಡೋಕಾಗ್ದೆ ಇರುತ್ತಾ?"

ಬೇರೆ ಮನೆ ಮಾಡಿಕೊಂಡಿದ್ದ ಅವನು ಹತ್ತು ದಿನ ಹೊತ್ತು ಸಿಕ್ಕಾಗಲೆಲ್ಲ ಅಕ್ಕ, ಅಮ್ಮ ಇದ್ದ ಮನೆಗೆ ಓಡಿಬಂದ. ಚಪ್ಪಲಿ ಒಂದು ಬಾಗಿಲ ಒಳಗೆ, ಒಂದು ಹೊರಗೆ. ಬಂದವನೇ ಹಾಡು ಹಚ್ಚುತ್ತಿದ್ದ, ಹತ್ತು ಕಿಟಕಿ ತೆರೆಯುತ್ತಿದ್ದ, ಲಾಗ್ ಓದುತ್ತಿದ್ದ. ಕಂಪ್ಯೂಟರ್ ತನ್ನೊಳಗೆ ಏನಾಯಿತೆಂದು ತಾನೇ ಬರೆದಿಡುವ ದಿನಚರಿ ಅದು. ಅದರಲ್ಲಿ ತಪ್ಪಿನ ಸುಳಿವೇ ಇಲ್ಲ. ಹತ್ತು ಹನ್ನೆರಡಕ್ಕೆ ಒಂದು ಸಾದಾ ಸಾಲು, ಆಮೇಲೆ ನೇರವಾಗಿ ಹತ್ತು ಇಪ್ಪತ್ತಕ್ಕೆ ಮತ್ತೆ ಶುರುವಾದ ಸಾಲು. ನಡುವೆ ಏನಾಯಿತು ಎಂದು ಕೇಳಿದರೆ ನನಗೇನು ಗೊತ್ತು ಎನ್ನುವ ಹಾಗಿತ್ತು ಅದರ ಧಾಟಿ. ಅವನಿಗೆ ಮೈಯೆಲ್ಲ ಉರಿಯಿತು. ಗ್ರಾಫಿಕ್ಸ್ ಡ್ರೈವರ್ ಬದಲಾಯಿಸಿದ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದು ಹಾಕಿದ, ಅದು ಬೇಡವೆಂದು ಹಳೆಯದಕ್ಕೆ ಹೋದ. ರ‍್ಯಾಮ್ ಕಿತ್ತು ಬೇರೆ ಹಾಕಿದ, ಪವರ್ ಸಪ್ಲೈ ಹೊಸದು ತಂದ. ಅವನು ಎದುರಿಗಿದ್ದಷ್ಟು ಹೊತ್ತು ಅದು ಒಂದು ಸಲವೂ ನಿಲ್ಲಲಿಲ್ಲ. ಅವನು ಬೆನ್ನು ತಿರುಗಿಸಿದ ಅರ್ಧ ಗಂಟೆಗೆ ನಿಂತಿರುತ್ತಿತ್ತು.

"ಅಕ್ಕಾ, ನಾನಿದ್ದಾಗ ಆಗಲ್ಲ, ನೀನು ಕೂತ್ರೆ ಆಗುತ್ತೆ. ನೀನೇ ಏನೋ ಒತ್ತಿರ್ತೀಯ."

"ಇಲ್ವೋ, ನಾನು ಏನೂ ಒತ್ತದೆ..."

"ಏನೂ ಒತ್ತದೆ ತಾನಾಗೇ ನಿಲ್ಲೋಕೆ ಅದಕ್ಕೇನು ದೆವ್ವ ಹಿಡಿದಿದ್ಯಾ? ಗೊತ್ತಿಲ್ದೆ ಒತ್ತಿರ್ತೀಯ, ಬಿಡು."

ಅಕ್ಕ ಬಿಟ್ಟಳು. ಅವಳು ಬಿಟ್ಟ ಮಾತುಗಳನ್ನೆಲ್ಲ ಗುಡ್ಡೆ ಹಾಕಿದ್ದರೆ ಆ ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಮಂಗಳವಾರ ಅವನು ಕೊನೆಯ ಅಸ್ತ್ರ ತೆಗೆದ. ಪ್ರೊಸೆಸರಿಗೆ ಹೊರಲಾರದಷ್ಟು ಲೆಕ್ಕಗಳನ್ನು ಹೇರಿ ನಾಲ್ಕು ಗಂಟೆ ಓಡಿಸುವ ಪರೀಕ್ಷೆ. ಫ್ಯಾನು ಕಿರುಚಿತು, ಪೆಟ್ಟಿಗೆ ಬಿಸಿಯಾಯಿತು. ಅವನು ಅಡುಗೆಮನೆಗೂ ಬಾಗಿಲಿಗೂ ನಡುವೆ ಗಾಣದೆತ್ತಿನಂತೆ ತಿರುಗಿದ. ನಾಲ್ಕು ಗಂಟೆಯೂ ಆ ಯಂತ್ರ ಜಗ್ಗಲಿಲ್ಲ. "ನೋಡು, ಗಟ್ಟಿ ಕಲ್ಲು!" ಎಂದು ಹೊರಟ. ಬಸ್ ನಿಲ್ದಾಣ ತಲುಪುವುದರೊಳಗೆ ತಡೆಯಲಾರದೆ ತಾನೇ ಫೋನ್ ಮಾಡಿದ.

"ಹೇಗಿದೆ?"

"ನಿಂತಿದೆ" ಎಂದಳು ಅಕ್ಕ.

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಹೆದರಿದ್ದ ಎಂದೇ ಹೇಳಬೇಕು. ಅಕ್ಕನ ಕೈಗೆ ಬಂದದ್ದು ತನ್ನ ಕೈಯಿಂದಲೇ ತಪ್ಪಿಹೋದರೆ ಆಮೇಲೆ ಯಾವ ಮುಖ ಹೊತ್ತು ಆ ಮನೆಗೆ ಹೋಗುವುದು? ಬದಲಾಯಿಸದೆ ಉಳಿದದ್ದು ಎಲ್ಲ ಭಾಗಗಳೂ ಕೂರುವ ಹಲಗೆ, ಮದರ್‌ಬೋರ್ಡ್ ಒಂದೇ. ಬುಧವಾರ ಇಡೀ ದಿನ ಅಂಗಡಿ ಅಂಗಡಿ ಅಲೆದು ಸಂಜೆಗೆ ಒಂದನ್ನು ಸಂಪಾದಿಸಿದ.

ಗುರುವಾರ ಬೆಳಿಗ್ಗೆ ಆ ಡಬ್ಬ ಕಂಕುಳಲ್ಲಿ ಹಿಡಿದು ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಒಂದು ಕಾರ್ಡನ್ನು ಕೈಗಿಟ್ಟಳು. ಪದಸೂಚಿಯ ಕೆಲಸಕ್ಕೆ ಬಳಸುವ ಗೆರೆ ಹಾಕಿದ ಕಾರ್ಡು, ಅದೇ ದುಂಡು ಅಕ್ಷರ.

*ಕಂಪ್ಯೂಟರ್ ನಿಲ್ಲುವುದು*
*ಟೈಪ್ ಮಾಡುವಾಗ: ಇಲ್ಲ*
*ತಮ್ಮ ಎದುರಿಗಿದ್ದಾಗ: ಇಲ್ಲ*
*ಯೋಚನೆ ಮಾಡುವಾಗ: ನೋಡಿ, ಹಾಳೆ ಓದುವಾಗ*
*ಹಾಡು ಹಚ್ಚಿದ್ದಾಗ: ಇಲ್ಲ*
*ಹಾಳೆ ಓದುವಾಗ, ಇಲ್ಲವೇ ಸುಮ್ಮನೆ ಕೈ ಮಡಿಲಲ್ಲಿಟ್ಟು ಕೂತಾಗ: ಸೋಮ 10.12, 11.40, 3.05, ಮಂಗಳ 4.50, ಬುಧ 9.20, 10.02, 11.15, 12.30, 2.10, 4.45*

ಓದುತ್ತಾ ಓದುತ್ತಾ ಅವನ ಕಾಲು ಕುಣಿಯುವುದು ನಿಂತಿತು. ಹತ್ತು ದಿನ ಲಾಗಿನಲ್ಲಿ ಹುಡುಕಿದ್ದು ಈ ಅಂಗೈಯಗಲದ ಕಾರ್ಡಿನಲ್ಲಿತ್ತು. ಕೆಲಸ ಮಾಡುವಾಗ ಅದು ನಿಲ್ಲುವುದೇ ಇಲ್ಲ. ಸುಮ್ಮನಿದ್ದಾಗ ನಿಲ್ಲುತ್ತದೆ. ಅವನು ಮಾಡಿದ ಪರೀಕ್ಷೆಗಳೆಲ್ಲ ಅದನ್ನು ದುಡಿಸುವ ಪರೀಕ್ಷೆಗಳು. ಅದನ್ನು ಅದರ ಪಾಡಿಗೆ ಬಿಟ್ಟು ಎದುರಿಗೆ ಕೂತು ನೋಡುವುದು ಅವನಿಗೆ ಹೊಳೆದಿರಲೇ ಇಲ್ಲ. ಹೊಳೆದಿದ್ದರೂ ಅವನ ಕೈಲಿ ಆಗುತ್ತಿತ್ತೇ ಎನ್ನುವುದು ಬೇರೆ ಮಾತು.

"ಕೂತ್ಕೋ. ಏನೂ ಮುಟ್ಟಬೇಡ" ಎಂದಳು ಅಕ್ಕ.

ಕೂತ. ಎರಡು ನಿಮಿಷಕ್ಕೆ ಮೂಗು ತುರಿಸಿತು. ನಾಲ್ಕನೆಯ ನಿಮಿಷಕ್ಕೆ ಕೈ ಮೌಸಿನ ಕಡೆ ಹೋಯಿತು, ಅಕ್ಕ ಕೆಮ್ಮಿದಳು, ಕೈ ವಾಪಸ್ ಬಂತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತ. ಕಾಲವೆನ್ನುವುದು ಇಷ್ಟು ನಿಧಾನವಾಗಿ ನಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹದಿನೆಂಟು ನಿಮಿಷ. ಪರದೆಯ ಮೂಲೆಯ ಗಡಿಯಾರ 9.37 ತೋರಿಸಿತು. ಗೋಡೆಯ ಗಡಿಯಾರದಲ್ಲಿ 9.40 ಆದಾಗಲೂ ಅದು 9.37ರಲ್ಲೇ ಇತ್ತು.

"ನಿಂತೋಯ್ತು! ಅಕ್ಕಾ, ನನ್ನೆದುರಿಗೇ ನಿಂತೋಯ್ತು!" ಲಾಟರಿ ಹೊಡೆದವನ ಹಾಗೆ ಅವನು ಕುರ್ಚಿಯಿಂದ ಎದ್ದ.

ಮುಂದಿನದು ಐದು ನಿಮಿಷದ ಕೆಲಸ. ಮಾಡಲು ಏನೂ ಇಲ್ಲದಾಗ ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ನಿದ್ದೆ ಹೋಗುತ್ತದೆ. ಇದು ಗಾಢ ನಿದ್ದೆಗೆ ಜಾರಿದಾಗ ಕೆಲವೊಮ್ಮೆ ಏಳುತ್ತಲೇ ಇರಲಿಲ್ಲ. ಅಷ್ಟು ಆಳಕ್ಕೆ ಜಾರಬೇಡ ಎಂದು ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದ. ಡಬ್ಬದಲ್ಲಿದ್ದ ಮದರ್‌ಬೋರ್ಡನ್ನು ಮುಟ್ಟಲೇ ಇಲ್ಲ. ಮತ್ತೆ ಕೂತ, ಈ ಸಲ ಎರಡು ಗಂಟೆ. ಅಮ್ಮ ಎರಡು ಸಲ ಬಂದು ಅವನ ಹಣೆ ಮುಟ್ಟಿ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದಳು. ಮೂಲೆಯ ಗಡಿಯಾರ ತಪ್ಪದೆ ನಡೆಯುತ್ತಲೇ ಇತ್ತು.

"ಗೆದ್ವಿ ಅಕ್ಕಾ! ಇವತ್ತು ನಾಳೆ ಎರಡು ದಿನ ಇದೆ. ನಾನೂ ಕೂತ್ಕೋತೀನಿ, ನೀನು ಹೇಳ್ತಾ ಹೋಗು, ನಾನು ಟಪಟಪ ಟೈಪ್ ಮಾಡ್ತೀನಿ. ಎಲ್ಲಿ ಹಾಳೆಗಳು?"

"ವಾಪಸ್ ಕಳಿಸಿದೆ ಕಣೋ."

"ಏನು?"

"ಮಂಗಳವಾರ ಸಂಜೆ. ನನ್ನಿಂದ ಆಗಲ್ಲ ಅಂತ ಸಂಪಾದಕರಿಗೆ ಹೇಳ್ದೆ. ಅವರು ಆಗಲೇ ಬೇರೆಯವರಿಗೆ ಕೊಟ್ಟಿದ್ದಾರೆ. ಮುಂದಿನ ಆ ಐದು ಸಂಪುಟಾನೂ."

ಮೇಜಿನ ಎಡಬದಿ ಬರಿದಾಗಿದ್ದುದು ಅವನ ಕಣ್ಣಿಗೆ ಬಿದ್ದದ್ದು ಈಗ. ಬೆಳಿಗ್ಗೆಯಿಂದ ಅದರ ಪಕ್ಕದಲ್ಲೇ ಕೂತಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಒಂದು ಹಳೆಯ ಕಂಪ್ಯೂಟರ್ ಹೊತ್ತು ತಂದಿದ್ದರೆ ಸಾಕಿತ್ತು, ಒಂದು ವಾಕ್ಯ ಪೂರ್ತಿ ಕೇಳಿದ್ದರೆ ಸಾಕಿತ್ತು. ನಾನೇ ಹೋಗಿ ಅವರ ಕಾಲು ಹಿಡಿಯುತ್ತೇನೆ, ತಪ್ಪು ನನ್ನದು ಎನ್ನುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅದು ಆಗಿಹೋದ ಕೆಲಸ.

"ಮತ್ತೆ ನಿನ್ನೆ ಇಡೀ ದಿನ ಇದರ ಮುಂದೆ ಕೂತು ಈ ಕಾರ್ಡ್ ಬರೆದಿದ್ದೀಯಲ್ಲ! ಪುಸ್ತಕಾನೇ ಇಲ್ಲ ಅಂದ್ಮೇಲೆ ಯಾಕೆ?"

"ನೀನು..." ಎಂದು ಅಕ್ಕ ನಿಲ್ಲಿಸಿದಳು.

ಅವನ ನಾಲಿಗೆಯ ತುದಿಗೆ ನಾಲ್ಕು ಉತ್ತರ ಬಂದವು. ನಾಲ್ಕನ್ನೂ ನುಂಗಿಕೊಂಡ. ಹೊರಗೆ ಯಾರೋ ಗೇಟು ಹಾಕಿದ ಸದ್ದಾಯಿತು. ಅಕ್ಕ ಅವನ ಮುಖ ನೋಡಿದಳು, ಇವನು ನಿಜವಾಗಿಯೂ ಕಾಯುತ್ತಿದ್ದಾನೆಯೇ ಎಂದು ಪರೀಕ್ಷಿಸುವವಳ ಹಾಗೆ.

"ನೀನು ಊಟ ನಿದ್ದೆ ಬಿಟ್ಟು ಒದ್ದಾಡ್ತಿದ್ದೆ. ನೋಡೋಕಾಗ್ಲಿಲ್ಲ" ಎಂದಳು.