ಎಲ್ಲರಿಗೂ ಒಂದೇ ವಿಮೆ

ಡುಲುತ್ ನಗರದಲ್ಲಿ ಸರೋವರದ ದಂಡೆಗೆ ಹೊಸ ಆಸ್ಪತ್ರೆ ಏಳುತ್ತಿದ್ದ ಕಾಲದಲ್ಲಿ ಅಲ್ಲಿಯ ವಿಮೆಯ ಉಸ್ತುವಾರಿ ನನ್ನದಾಗಿತ್ತು. ಆಸ್ಪತ್ರೆಯವರು ಕಟ್ಟಡಕ್ಕೂ ಅದರಲ್ಲಿ ದುಡಿಯುವ ಎಲ್ಲ ಗುತ್ತಿಗೆದಾರರಿಗೂ ಸೇರಿಸಿ ಒಂದೇ ವಿಮೆ ಮಾಡಿಸಿದ್ದರು. ಯಾರೇ ಆಗಲಿ, ಕೆಲಸ ಶುರು ಮಾಡುವ ಮೊದಲು ನನ್ನ ಬಳಿ ಬಂದು ಅದರೊಳಗೆ ಸೇರಿಕೊಳ್ಳಬೇಕಿತ್ತು.

ನೆಲಹಾಸಿನ ಕೆಲಸ ಹಿಡಿದಿದ್ದ ರೆನಾಟಾ ಡುಡೆಕ್‌ಗೆ ಇದು ಹಿಡಿಸಲಿಲ್ಲ. ತನ್ನ ವಿಮೆ ತನಗಿದೆ, ಕಂಡವರ ಹಂಗು ತನಗೇಕೆ ಎಂದು ವಾದಕ್ಕೆ ನಿಂತಳು. ಕಂಡವರು ಎಂದರೆ ಯಾರು ಎಂಬುದು ನನಗೆ ಗೊತ್ತಿತ್ತು. ಕೊಳಾಯಿ ಕೆಲಸದ ಗುತ್ತಿಗೆ ಅರ್ವಿಡ್ ಮಕೆಲಾನದು. ಒಂದು ಕಾಲಕ್ಕೆ ಇಬ್ಬರೂ ಒಂದೇ ಬೀದಿಯವರು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡವರು. ಆಮೇಲೆ ಇಬ್ಬರೂ ಕೆಲಸ ಹಿಡಿದಿದ್ದ ಒಂದು ಶಾಲೆಯ ಕಟ್ಟಡದಲ್ಲಿ ಕೊಳವೆಯ ನೀರು ಸೋರಿ ಅವಳು ಹಾಸಿದ್ದ ನೆಲವೆಲ್ಲ ಉಬ್ಬಿಹೋಯಿತು. ಅವನ ವಿಮೆಯವರು ಅವಳದೇ ತಪ್ಪೆಂದರು, ಅವಳ ವಿಮೆಯವರು ಅವನದೆಂದರು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ ಪ್ರಕರಣ ಮುಗಿಯಿತು. ಮಾತು ಮಾತ್ರ ಮತ್ತೆ ಶುರುವಾಗಲಿಲ್ಲ.

ಗೊಣಗುತ್ತಲೇ ರೆನಾಟಾ ಸೇರಿಕೊಂಡಳು. ಆ ಚಳಿಗಾಲವಿಡೀ ಇಬ್ಬರೂ ಒಂದೇ ಕಟ್ಟಡದಲ್ಲಿ ಮುಖ ತಿರುಗಿಸಿಕೊಂಡೇ ಓಡಾಡಿದರು.

ಮಾರ್ಚಿನ ಒಂದು ಬೆಳಿಗ್ಗೆ ಅರ್ವಿಡ್‌ನ ಜನ ನಾಲ್ಕನೆಯ ಮಹಡಿಯ ಕೊಳವೆಗಳಿಗೆ ನೀರು ಬಿಟ್ಟು ಪರೀಕ್ಷೆ ಮಾಡುತ್ತಿದ್ದಾಗ ಒಂದು ಜೋಡಣೆ ಕಿತ್ತುಕೊಂಡಿತು. ನೀರು ನಿಲ್ಲಿಸುವಷ್ಟರಲ್ಲಿ ಕೆಳಗಿನ ಮಹಡಿಯಲ್ಲಿ ಅವಳು ಹಾಸಿದ್ದ ಹೊಸ ನೆಲ ಕೆರೆಯಾಗಿತ್ತು. ನಾನು ಹೋದಾಗ ರೆನಾಟಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅರ್ವಿಡ್ ಮೆಟ್ಟಿಲಿನ ಹತ್ತಿರ ನಿಂತು ನನ್ನನ್ನು ಪಕ್ಕಕ್ಕೆ ಕರೆದ.

"ನಮ್ಮ ತಪ್ಪು ಅಂತ ಬಾಯಿಬಿಟ್ಟು ಹೇಳ್ಬಹುದಾ?" ಎಂದ.

"ಇಲ್ಲಿ ನಿನಗೂ ಅವಳಿಗೂ ಒಂದೇ ವಿಮೆ. ನಷ್ಟದಲ್ಲಿ ಒಂದಿಷ್ಟು ನಿನ್ನ ತಲೆಗೂ ಬರುತ್ತೆ, ಅದಿಲ್ಲ ಅನ್ನಲ್ಲ. ಆದ್ರೆ ಅವಳ ಕಡೆಗೊಬ್ಬ ವಕೀಲ, ನಿನ್ನ ಕಡೆಗೊಬ್ಬ ವಕೀಲ ಅಂತ ಇರಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳು" ಎಂದೆ.

ಅವನು ನೀರಿನಲ್ಲಿ ಪಚಪಚ ಹೆಜ್ಜೆ ಹಾಕುತ್ತ ಅವಳ ಎದುರಿಗೆ ಹೋಗಿ ನಿಂತ.

"ಜೋಡಣೆ ನಮ್ಮದೇ, ರೆನಾಟಾ. ನಾನೇ ನೋಡ್ಬೇಕಿತ್ತು. ತಪ್ಪಾಯ್ತು." ಹಾಗೆಯೇ ಮುಂದುವರಿಸಿದ: "ಶಾಲೆ ನೆಲ ಹಾಳಾದಾಗ್ಲೂ ಇದನ್ನೇ ಹೇಳೋಣ ಅಂತ ನಿಮ್ಮನೆ ಬಾಗಿಲವರೆಗೂ ಬಂದಿದ್ದೆ. ತಪ್ಪು ಒಪ್ಕೊಂಡ್ರೆ ವಿಮೆ ಸಿಗಲ್ಲ ಅಂತ ವಕೀಲ ಬಾಯಿ ಹೊಲಿದುಬಿಟ್ಟಿದ್ದ."

ರೆನಾಟಾ ಸೊಂಟದ ಮೇಲಿಟ್ಟಿದ್ದ ಕೈ ಇಳಿಸಿದಳು. ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ನಾನು ಕಂಡೆ.

"ಇಷ್ಟು ವರ್ಷ ಬಾಯೊಳಗೇ ಇಟ್ಕೊಂಡಿದ್ದೀಯಲ್ಲೋ, ತುಕ್ಕು ಹಿಡೀಲಿಲ್ವಾ?" ಎಂದಳು. "ನಿಂತಿದ್ದು ಸಾಕು, ಪಂಪ್ ತರಿಸು."

ಅವನ ಜನ, ಅವಳ ಜನ ಎಂಬ ಭೇದವಿಲ್ಲದೆ ಎಲ್ಲರೂ ನೀರು ಬಳಿಯಲು ಇಳಿದರು. ಮಧ್ಯಾಹ್ನದ ಹೊತ್ತಿಗೆ ನೆಲ ಕಾಣಿಸಿತು. ಊಟಕ್ಕೆ ಕುಳಿತಾಗ ರೆನಾಟಾ ತನ್ನ ಡಬ್ಬಿಯ ಆಲೂಗಡ್ಡೆ ಕಡುಬುಗಳನ್ನು ಅರ್ವಿಡ್‌ನ ಕಡೆಗೆ ತಳ್ಳಿದಳು. ಅವನ ಹೆಂಡತಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು. ಮಂಡಿ ಬದಲಾಯಿಸಿದ್ದಾರೆ, ಈಗ ಕುಣಿಯುವುದೊಂದು ಬಾಕಿ ಎಂದು ಅವನು ನಗುತ್ತ ಹೇಳಿದ.

ನಷ್ಟದ ವಿಚಾರಣೆ ಸಲೀಸಾಗಿ ಮುಗಿಯಿತು. ಹಾಳಾದ ನೆಲವನ್ನು ಕಿತ್ತು ಮತ್ತೆ ಹಾಸಿದರು. ಮೇಲಿನ ಮಹಡಿಗಳ ಪರೀಕ್ಷೆ ಬಂದಾಗ ಅರ್ವಿಡ್ ತಾನೇ ಇಳಿದು ಬಂದು ಅವಳಿಗೆ ಹೇಳಿ ಹೋಗುತ್ತಿದ್ದ. ಅವಳು ಕೆಳಗೆ ನಿಂತು, "ನೀರು ಬಿಡಪ್ಪ, ಸ್ನಾನ ಮಾಡ್ಕೊಂಡೇ ಬಂದಿದ್ದೀನಿ" ಎಂದು ಕೂಗುತ್ತಿದ್ದಳು. ಒಂದು ಹನಿಯೂ ಬೀಳಲಿಲ್ಲ.