ಕೆಳಗಿನ ಸಾಲಿನ ಸೊಪ್ಪು

ರೂಪೇಶನ ಚಿತೆ ಆರಿದ ಮರುದಿನ ಅವನ ಹುಳುಗಳು ಹಸಿದಿದ್ದವು.

ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದೆದ್ದ ರೇಷ್ಮೆಹುಳು ಗೂಡು ಕಟ್ಟುವ ಮೊದಲಿನ ವಾರದಲ್ಲಿ ತಿನ್ನುವಷ್ಟು ಬೇರೆಂದೂ ತಿನ್ನುವುದಿಲ್ಲ. ಆ ವಾರದಲ್ಲಿಯೇ ರೂಪೇಶನಿಗೆ ಎದೆನೋವು ಬಂತು. ಸುಳ್ಯದ ಆಸ್ಪತ್ರೆಗೆ ಕೊಂಡೊಯ್ಯುವಾಗ ಜೀಪಿನಲ್ಲಿ, ತಾಯಿ ದುಗ್ಗಮ್ಮನ ಮಡಿಲಲ್ಲಿ ತಲೆಯಿಟ್ಟು ತೀರಿಕೊಂಡ.

ಹಳದಿ ರೋಗ ಬಂದು ಅಡಿಕೆ ಪೂರಾ ಹೋದ ಜಾಗದಲ್ಲಿ ಅವನೂ ಹೆಂಡತಿ ಭವಿತಾಳೂ ಹಿಪ್ಪುನೇರಳೆ ನೆಟ್ಟಿದ್ದರು. ಅಣ್ಣ ಬೆಳ್ಯಪ್ಪನಿಗೆ ಅಲ್ಲಿ ರಬ್ಬರ್ ಇಡುವ ಆಸೆ. ಕುಟುಂಬದ ಹಿರಿಯ ತ್ಯಾಂಪಣ್ಣ ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿ, ಈ ಚಳಿಗಾಲದ ಬೆಳೆ ಕೈಗೆ ಬಂದರೆ ಜಾಗ ಹುಳುವಿಗೆ, ಬಾರದಿದ್ದರೆ ರಬ್ಬರಿಗೆ ಎಂದು ತೀರ್ಮಾನ ಹೇಳಿದ್ದ. ಈಗ ಆ ಜಾಗವೂ ಹೋದರೆ ಭವಿತಾಳಿಗೆ ಆ ಮನೆಯಲ್ಲಿ ತನ್ನದು ಎನ್ನಲು ಏನೂ ಉಳಿಯುವಂತಿರಲಿಲ್ಲ.

ಅವಳು ಒಳಕೋಣೆಯ ಚಾಪೆಯಿಂದೆದ್ದು ಕತ್ತಿ ಹುಡುಕುವುದನ್ನು ಬೆಳ್ಯಪ್ಪ ಕಂಡ.

"ಎಂತ ಮಾಡ್ತಿ ಮಾರಾಯ್ತಿ? ಸೂತಕದಲ್ಲಿ ಹಸಿರಿಗೆ ಕತ್ತಿ ಹಾಕ್ಲಿಕ್ಕುಂಟಾ?"

"ಹುಳ ಸಾಯ್ತದೆ ಭಾವ."

"ಮನುಷ್ಯನೇ ಹೋದ. ಇನ್ನು ಹುಳದ್ದು ಎಂತ ದೊಡ್ಡ ಮಾತು?"

ಭವಿತಾ ಕತ್ತಿಯನ್ನು ಕೆಳಗಿಟ್ಟಳು. ಅಷ್ಟರಲ್ಲಿ ಟ್ಯಾಪಿಂಗಿನವನು ರಬ್ಬರ್ ಹಾಲಿನ ಬಕೆಟು ಹಿಡಿದು ಅಂಗಳದ ಬದಿಯಿಂದ ದಾಟಿಹೋದ. ಜಗಲಿಯಲ್ಲಿ ಕುಳಿತಿದ್ದ ದುಗ್ಗಮ್ಮ ಅವನನ್ನು ನೋಡಿ, ಮಗನನ್ನು ನೋಡಿದಳು.

"ರಬ್ಬರಿಗೆ ಸೂತಕ ಇಲ್ವಾ ಬೆಳ್ಯಪ್ಪ?"

"ಅದು ಕೂಲಿಯವ ಮಾಡುದಲ್ವಾ ಅವ್ವ."

"ಹಾಗಾದ್ರೆ ಸೊಪ್ಪಿಗೂ ಒಬ್ಬ ಕೂಲಿಯವನನ್ನು ಕಳಿಸು."

"ಈಗ ಯಾರು ಸಿಕ್ತಾರೆ? ನೀವು ಸುಮ್ಮನಿರಿ. ಜನ ಬರುವ ಹೊತ್ತು."

ಜನ ಬಂದರು. ಕಾಣಿಯೂರಿನಿಂದ, ಕಡಬದಿಂದ, ನೆಟ್ಟಣದಲ್ಲಿ ರೈಲಿಳಿದು ದೂರದವರೂ ಬಂದರು. ಬಂದವರೆಲ್ಲ ದೇವರು ಇಟ್ಟ ಹಾಗೆ ಎಂದರು. ದುಗ್ಗಮ್ಮ ಜೀವಮಾನವಿಡೀ ಸೂತಕ ತಪ್ಪಿದವಳಲ್ಲ, ದೀಪವಿಡದೆ ಒಂದು ಸಂಜೆ ಕಳೆದವಳಲ್ಲ. ಆದರೂ ಆ ಮಾತು ಅಂದು ಅವಳ ಕಿವಿಗೆ ಕಹಿಯಾಯಿತು. ಬಾಯಿ ಕೊಟ್ಟ ದೇವರು ಹುಳುವಿಗೆ ಸೂತಕ ಕಲಿಸಲಿಲ್ಲವಲ್ಲ ಎಂದು ಯೋಚಿಸಿದಳು. ಹಸಿರಿಗೆ ಕತ್ತಿ ಹಾಕಬಾರದು ಎಂದು ಹಿರಿಯರು ಹೇಳಿದ್ದು ಹೌದು. ಕೈಯಲ್ಲಿ ಚಿವುಟಬಾರದು ಎಂದು ಯಾರೂ ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

ಹಿತ್ತಿಲ ಬಾಗಿಲಿನಿಂದ ಬುಟ್ಟಿ ಹಿಡಿದು ಇಳಿದಳು. ಮೇಲಿನ ಸಾಲುಗಳು ಅಂಗಳದಲ್ಲಿ ಕುಳಿತವರಿಗೆಲ್ಲ ಕಾಣುತ್ತಿದ್ದವು. ಮಗ ಸತ್ತ ಮರುದಿನವೇ ಮುದುಕಿ ಸೊಪ್ಪು ಕೊಯ್ಯುತ್ತಾಳೆ ಎಂದು ಅವರಿಂದ ಹೇಳಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಆದ್ದರಿಂದ ಇಳಿದು ಇಳಿದು ಕೆಳಗಿನ ಸಾಲುಗಳಿಗೆ ಹೋದಳು. ಅದರಾಚೆ ಬೆಳ್ಯಪ್ಪನ ಅಲಸಂಡೆ ಚಪ್ಪರ. ಉಗುರು ಹಸಿರಾಗುವವರೆಗೆ ಚಿವುಟಿದಳು. ತಲೆಯೆತ್ತಿದಾಗ ಬೆಳ್ಯಪ್ಪ ರಬ್ಬರ್ ಹಾಳೆ ಒಣಗಿಸುವ ಕೊಟ್ಟಿಗೆಯ ಬಳಿ ನಿಂತಿದ್ದ. ಗದರುತ್ತಾನೆ ಎಂದುಕೊಂಡಳು. ಅವನು ಏನೂ ಅನ್ನದೆ ಒಳಗೆ ಹೋದ. ತಮ್ಮನ ನೆನಪಿಗೆ ಮನಸ್ಸು ಕರಗಿರಬೇಕೆಂದು ತಾಯಿಗೆ ಸಮಾಧಾನವಾಯಿತು.

ಅತ್ತೆ ಸೊಸೆ ಸೇರಿ ಹುಳು ಸಾಕುವ ತಟ್ಟೆ ತಟ್ಟೆಗೂ ಸೊಪ್ಪು ಹರಡಿದರು. ಹುಳುಗಳು ಮುಗಿಬಿದ್ದು ತಿಂದವು. ಭವಿತಾ ಅಂದು ಮೊದಲ ಬಾರಿಗೆ ಒಂದು ಲೋಟ ಗಂಜಿ ಕುಡಿದಳು.

ಸಂಜೆಗೆ ಹುಳುಗಳು ತಲೆಯೆತ್ತಿ ಆಡಿಸತೊಡಗಿದವು. ಬಾಯಿಂದ ಹಸಿರು ನೀರು ಕಾರಿದವು. ಭವಿತಾ ಒಂದನ್ನು ಅಂಗೈಯಲ್ಲಿಟ್ಟು ನೋಡಿದಳು.

"ಅತ್ತೆ, ಸೊಪ್ಪು ಎಲ್ಲಿಂದ ತಂದದ್ದು?"

"ಕೆಳಗಿನಿಂದ. ಚಪ್ಪರದ ಬದಿಯಿಂದ."

ಭವಿತಾ ತಟ್ಟೆಗಳ ನಡುವೆ ಹಾಗೆಯೇ ಕುಳಿತಳು. "ಆ ಬದಿದು ಮುಟ್ಟಬೇಡ ಅಂತ ಇವರು ಹೇಳಿದ್ರು. ಭಾವ ಅಲಸಂಡೆಗೆ ಕೀಟದ ಮದ್ದು ಬಿಟ್ಟಿದ್ದಾರಂತೆ. ನಾನು ಕೇಳ್ಬೇಕಿತ್ತು ಅತ್ತೆ. ನನಗೆ ತೋಚಲಿಲ್ಲ."

ದುಗ್ಗಮ್ಮ ನೇರವಾಗಿ ಕೊಟ್ಟಿಗೆಗೆ ಹೋದಳು.

"ಮದ್ದು ಬಿಟ್ಟದ್ದು ನಿನಗೆ ಗೊತ್ತಿತ್ತು. ನಾನು ಕೊಯ್ಯುದನ್ನು ನೀನು ನೋಡಿದಿ."

"ನೋಡಿದೆ."

"ಮತ್ತೆ?"

"ಕೊಯ್ಯಬೇಡಿ ಅಂತ ಬೆಳಿಗ್ಗೆಯೇ ಹೇಳಿದ್ದೆನಲ್ಲ ಅವ್ವ," ಎಂದು ಬೆಳ್ಯಪ್ಪ ಹಾಳೆಯನ್ನು ಮಗುಚಿ ಹಾಕಿದ.

ಬೆಳಗಾಗುವಷ್ಟರಲ್ಲಿ ಹುಳುಗಳು ಸತ್ತು ತಟ್ಟೆಗಳೆಲ್ಲ ಕಪ್ಪಾಗಿದ್ದವು.

ಸೂತಕ ಕಳೆಯುವ ಶುದ್ಧದ ದಿನ ಊಟ ಮುಗಿದು ಎಲೆ ಅಡಿಕೆಗೆ ಕುಳಿತಾಗ ಜಾಗದ ಮಾತು ಬಂತು. ಬೆಳ್ಯಪ್ಪ ತಗ್ಗಿದ ದನಿಯಲ್ಲಿ, "ಈ ಊರಿನ ಹವೆಗೆ ಹುಳ ಆಗುದಿಲ್ಲ ಚಿಕ್ಕಪ್ಪ, ನೋಡಿದಿರಲ್ಲ," ಎಂದ. ತ್ಯಾಂಪಣ್ಣ ತಲೆದೂಗಿದ. ಭವಿತಾ ಬಾಗಿಲ ಮರೆಯಲ್ಲಿದ್ದಳು.

ದುಗ್ಗಮ್ಮ ಎದ್ದು ನಿಂತಳು. "ಹವೆಯಿಂದ ಸತ್ತದ್ದಲ್ಲ ತ್ಯಾಂಪಣ್ಣ. ಮದ್ದು ಬಿದ್ದ ಸೊಪ್ಪು ತಿಂದು ಸತ್ತದ್ದು. ಕೊಯ್ದದ್ದು ನಾನು. ರೂಪೇಶ ಹೋದ ಮರುದಿನ, ಈ ಕೈಯಲ್ಲಿ. ಇವ ನೋಡಿಕೊಂಡು ನಿಂತಿದ್ದ."



"ಮರುದಿನವಾ?" ಎಂದ ತ್ಯಾಂಪಣ್ಣ. "ಸೂತಕದಲ್ಲಿ ನೀವು ಹಸಿರು ಕೊಯ್ದದ್ದಾ ಅತ್ತಿಗೆ?"

"ಹೌದು. ಆದ್ರೆ ಮದ್ದು..."

"ಅದಕ್ಕೇ ಸತ್ತದ್ದು ಮತ್ತೆ. ಬೇರೆ ಎಂತ ಕಾರಣ ಬೇಕು?"

ಮೂಲೆಯಲ್ಲಿದ್ದ ಹೆಂಗಸರು ಹೌದು ಹೌದು ಎಂದರು. ಮದ್ದಿನ ಮಾತನ್ನು ಕೇಳಿಸಿಕೊಳ್ಳುವವರು ಅಲ್ಲಿರಲಿಲ್ಲ. ದುಗ್ಗಮ್ಮನಂಥವರೇ ತಪ್ಪಿದರೆ ಹೇಗೆ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಜಾಗ ರಬ್ಬರಿಗೆ ಎಂದಾಯಿತು. ಸುಬ್ರಹ್ಮಣ್ಯ ದೇವರಿಗೆ ತಪ್ಪುಕಾಣಿಕೆ ಕಟ್ಟಿಡಬೇಕೆಂದೂ ಆಯಿತು.

ತ್ಯಾಂಪಣ್ಣ ಹಳದಿ ಬಟ್ಟೆಯ ತುಂಡನ್ನೂ ನಾಣ್ಯವನ್ನೂ ಅವಳ ಮುಂದಿಟ್ಟ. "ಹೆಸರು ಹೇಳಿ ಕಟ್ಟಿ ಅತ್ತಿಗೆ. ತಪ್ಪು ಯಾರದ್ದೋ ಅವರ ಹೆಸರು."

ದುಗ್ಗಮ್ಮ ದೇವರ ಕೋಣೆಯ ಕಡೆಗೆ ತಿರುಗಿ ಕಣ್ಣು ಮುಚ್ಚಿದಳು. ಸುಳ್ಳು ಹೇಳಿ ದೇವರ ಮುಂದೆ ಗಂಟು ಹಾಕುವುದು ಅವಳಿಂದಾಗುವಂತಿರಲಿಲ್ಲ.

"ಬೆಳ್ಯಪ್ಪನ ಹೆಸರಲ್ಲಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗಂಟನ್ನು ಬಿಗಿದಳು.

"ದೋಷ ಅವನಿಗೆ ತಟ್ಟದಿರಲಿ ಅಂತ. ಉಳಿದವ ಅವನೊಬ್ಬನೇ ಅಲ್ವಾ, ಪಾಪ. ಹೆತ್ತ ಕರುಳು," ಎಂದರು ಹೆಂಗಸರು.

ಬೆಳ್ಯಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಲು ಅಂಗಳಕ್ಕೆ ಇಳಿದವನು ಬಹಳ ಹೊತ್ತು ಒಳಗೆ ಬರಲಿಲ್ಲ. ದುಗ್ಗಮ್ಮ ಗಂಟನ್ನು ದೇವರ ಮುಂದಿಟ್ಟು, ಇನ್ನೂ ಉಣ್ಣದಿದ್ದ ಸೊಸೆಯನ್ನು ಊಟಕ್ಕೆ ಕರೆದಳು.